ದೇವಿಯ ಗಂಟಿನಲ್ಲಿದ್ದ ಪೌಂಡು

ಜಗಳೂರಿನ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕನಾಗಿ ವಾಣಿಜ್ಯಶಾಸ್ತ್ರದ ಪಾಠ ಹೇಳುತ್ತೇನೆ. ವಿದೇಶಿ ವಿನಿಮಯದ ಅಧ್ಯಾಯ ಬಂದಾಗ ಡಾಲರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಪಠ್ಯದಲ್ಲಿರುವುದೂ ಅದೇ. ಸುಡಾನಿನ ಪೌಂಡಿನ ಮಾತನ್ನು ತರಗತಿಯಲ್ಲಿ ಇದುವರೆಗೆ ಎತ್ತಿಲ್ಲ. ಆದರೆ ನಾನು ಮೊದಲು ತಿಳಿದುಕೊಂಡ ವಿನಿಮಯ ದರ ಅದು.

ಚನ್ನಗಿರಿ ತಾಲ್ಲೂಕಿನ ನಮ್ಮ ಕ್ಯಾಂಪಿನ ಜನ ಹಿಂದೆ ಕಾಡಿನಲ್ಲಿ ಹಕ್ಕಿ ಹಿಡಿದು ಬದುಕಿದವರು. ಅದು ನಿಂತ ಮೇಲೆ ಬೇರುನಾರು ಹಾಕಿ ತಲೆಗೂದಲಿನ ಎಣ್ಣೆ ಕಾಯಿಸುವುದನ್ನು ಹಿಡಿದರು. ಅದನ್ನು ಮಾರಲು ಆಫ್ರಿಕದ ದೇಶಗಳವರೆಗೂ ಹೋದರು. ಅಪ್ಪ ಹೆಬ್ಬೆಟ್ಟು ಒತ್ತುವವರು. ಆದರೂ ಸುಡಾನಿಗೆ ಹಲವು ಸಲ ಹೋಗಿ ಬಂದಿದ್ದರು. ಎಣ್ಣೆ ಕಾಯಿಸುವುದು ಅಮ್ಮನ ಪಾಲು. ಒಲೆಯ ಮುಂದೆ ಇಡೀ ದಿನ ನಿಂತು, ತಳ ಹಿಡಿಯದಂತೆ ಕೊಪ್ಪರಿಗೆಯ ಎಣ್ಣೆಯನ್ನು ಕೈಯಾಡಿಸುತ್ತಿರಬೇಕು. ಅಮ್ಮನ ಮೊಣಕಾಲುಗಳು ಸವೆದದ್ದು ಹಾಗೆ ನಿಂತು ನಿಂತೇ ಎಂದು ನಾನು ಭಾವಿಸಿದ್ದೇನೆ. ವೈದ್ಯರು ಹಾಗೆ ಹೇಳಿಲ್ಲ.

ಕಡೆಯ ಸಲ ಹೋದಾಗ ಅಪ್ಪ ಗಳಿಕೆಯನ್ನು ಡಾಲರಿಗೆ ಬದಲಾಯಿಸಲಿಲ್ಲ. ಅಲ್ಲಿನ ಬ್ಯಾಂಕಿನವರು ಡಾಲರ್ ಕೊಡುತ್ತಿರಲಿಲ್ಲ. ಬೀದಿಯಲ್ಲಿ ಕೊಡುವವರು ಬ್ಯಾಂಕಿನ ದರಕ್ಕಿಂತ ಬಹಳ ಹೆಚ್ಚು ಕೇಳುತ್ತಿದ್ದರು. ಬ್ಯಾಂಕಿನ ಲೆಕ್ಕದಲ್ಲಿ ಆಗ ಒಂದು ಪೌಂಡಿಗೆ ನಮ್ಮ ಹತ್ತು ರೂಪಾಯಿಯ ಹತ್ತಿರ ಬೆಲೆ ಇತ್ತು. ಬೆವರು ಸುರಿಸಿದ ಹಣವನ್ನು ಬೀದಿಯಲ್ಲಿ ಅಗ್ಗಕ್ಕೆ ಕೊಡಲು ಮನಸ್ಸಾಗದೆ ಅಪ್ಪ ನೋಟುಗಳನ್ನೇ ಮನೆಗೆ ತಂದರು. ಮುಂದಿನ ಸಲ ಹೋಗುವಾಗ ಒಯ್ದು, ಒಳ್ಳೆಯ ದರ ನೋಡಿ ಬದಲಾಯಿಸುವುದು ಅವರ ಯೋಚನೆ. ಅಲ್ಲಿಯವರೆಗೆ ಇರಲೆಂದು ಆ ವರ್ಷದ ಪೂಜೆಯ ದಿನ ದೇವಿಯ ಗಂಟಿನಲ್ಲಿಟ್ಟರು.

ಈ ಗಂಟಿನ ವಿಷಯ ಹೇಳಬೇಕು. ನಮ್ಮ ಪ್ರತಿ ಮನೆತನಕ್ಕೂ ಒಂದು ದೇವಿಯ ಗಂಟು ಇರುತ್ತದೆ. ತಲೆಮಾರುಗಳ ಹಿಂದಿನ ಬಟ್ಟೆಗಳು, ಒಂದು ಬೆಳ್ಳಿಯ ತಗಡು, ಇಷ್ಟೇ ಅದರೊಳಗಿನ ದೇವರು. ಅಣ್ಣತಮ್ಮಂದಿರ ಮನೆಗಳೆಲ್ಲ ಒಟ್ಟಾಗಿ ಪೂಜೆ ಮಾಡುವ ದಿನ ಬಿಟ್ಟು ಬೇರೆ ದಿನ ಅದನ್ನು ಬಿಚ್ಚುವಂತಿಲ್ಲ. ಮನೆತನದಲ್ಲಿ ಸಾವಾದರೆ ಆ ವರ್ಷ ಪೂಜೆಯೇ ಇಲ್ಲ. ಹೆಂಗಸರು ಗಂಟನ್ನು ಮುಟ್ಟುವುದಿಲ್ಲ. ಕಳ್ಳರು ಕೂಡ ಅದರ ಹತ್ತಿರ ಬಾರರು ಎಂಬ ಧೈರ್ಯದಿಂದ ಅಪ್ಪ ಹಣವನ್ನು ಅಲ್ಲಿಟ್ಟಿದ್ದರು.

ಮರುವರ್ಷ ದೊಡ್ಡಪ್ಪ ತೀರಿಕೊಂಡರು. ಪೂಜೆ ನಿಂತಿತು, ಗಂಟು ಬಿಚ್ಚಲಿಲ್ಲ, ಅಪ್ಪನ ಪ್ರಯಾಣವೂ ನಿಂತಿತು. ಆ ಹೊತ್ತಿಗೆ ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದರು. ದಾವಣಗೆರೆಯ ವೈದ್ಯರು ಎರಡು ಮೊಣಕಾಲಿಗೂ ಶಸ್ತ್ರಚಿಕಿತ್ಸೆ ಆಗಬೇಕು, ತಡ ಮಾಡಬಾರದು ಎಂದರು. ಅಪ್ಪ ನಗುತ್ತಲೇ ಅಲ್ಲಿಂದ ಎದ್ದರು.

“ರೊಕ್ಕದ ಚಿಂತೆ ಇಲ್ಲ ಬಿಡ್ರಿ ಡಾಕ್ಟ್ರೇ. ದೇವಿ ಮಡಿಲಾಗೈತೆ.”

ನಾನು ಆಗ ಹೊನ್ನಾಳಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಕ್ಯಾಂಪಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಎಂಬ ಕಾರಣಕ್ಕೆ, ಹಣದ ವಿಷಯವೆಲ್ಲ ನನಗೆ ತಿಳಿದಿರಲೇಬೇಕು ಎಂದು ಎಲ್ಲರೂ ನಂಬಿದ್ದರು. ಸಂಜೆ ಬಸ್ಸಿಳಿದು ಬಂದರೆ ಅಪ್ಪನ ಮೊದಲ ಮಾತು ಒಂದೇ. ಮನೆಯಲ್ಲಿ ನಮ್ಮದೇ ಬೇರೆ ಮಾತಿದೆ. ಹಣದ ವಿಷಯ ಬಂದರೆ ಮಾತ್ರ ಏಕೋ ಎಲ್ಲರೂ ಕನ್ನಡಕ್ಕೆ ಹೊರಳುತ್ತಿದ್ದರು.

“ಇವತ್ತು ರೇಟ್ ಎಷ್ಟೈತೆ ನೋಡು ಮಗಾ.”

ನಾನು ಮೊಬೈಲಿನಲ್ಲಿ ನೋಡಿ, ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದ್ದೆ. ಹತ್ತರ ಹತ್ತಿರವಿದ್ದದ್ದು ನಾಲ್ಕಾಯಿತು, ಎರಡಾಯಿತು. ಒಂದು ಸಂಜೆ ಧೈರ್ಯ ಮಾಡಿ, ಗಂಟು ಬಿಚ್ಚಿ, ಸುಡಾನಿಗೆ ಹೋಗುವವರ ಕೈಯಲ್ಲಿ ಕಳಿಸಿ ಇರುವಷ್ಟನ್ನಾದರೂ ಬದಲಾಯಿಸೋಣ ಎಂದೆ.

“ಬಿ.ಕಾಂ. ಓದಿದ್ರೆ ದೇವಿಗೂ ಪಾಠ ಹೇಳಾಕೆ ಬರ್ತೀಯೇನೋ?” ಎಂದರು ಅಪ್ಪ. “ಇಳಿದಿದ್ದು ಏರ್ತೈತೆ. ನಾ ಕಂಡಿಲ್ವಾ ಆ ಊರ?”

ಅಮ್ಮ ನನ್ನ ಪಕ್ಷಕ್ಕೆ ಬರುತ್ತಾರೆಂದುಕೊಂಡಿದ್ದೆ. ಅವರು ಮೊಣಕಾಲಿಗೆ ನಮ್ಮ ಎಣ್ಣೆಯನ್ನೇ ಹಚ್ಚಿ ತಿಕ್ಕಿಕೊಳ್ಳುತ್ತಿದ್ದರು.

“ನನ್ನ ಕಾಲಿಗೋಸ್ಕರ ದೇವಿನ್ನ ಎಬ್ಬಿಸಬ್ಯಾಡ್ರಪ್ಪ. ಈ ಎಣ್ಣಿ ಹಚ್ಚಿ ಹಚ್ಚಿ ಮೊಣಕಾಲಾಗೆ ಕೂದಲು ಬಂದ್ರೂ ಬಂತು, ನೋವು ಹೋಗಲಿಲ್ಲ.”

ಎಲ್ಲರೂ ನಕ್ಕೆವು. ವಿಷಯ ಅಲ್ಲಿಗೇ ನಿಂತಿತು. ದೊಡ್ಡಪ್ಪನ ವರ್ಷ ಕಳೆದರೂ ಅಣ್ಣತಮ್ಮಂದಿರು ಒಂದೆಡೆ ಸೇರುವುದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಕೊರೊನಾ ಬಂದು ಊರುಗಳೇ ಮುಚ್ಚಿದವು. ಅಮ್ಮ ಗೋಡೆಯನ್ನೂ ಬಿಟ್ಟು, ಕುಳಿತಲ್ಲಿಂದಲೇ ಕೈಯೂರಿ ತೆವಳಲು ಶುರುಮಾಡಿದರು.

ಕೊನೆಗೊಂದು ಪೂಜೆ ಕೂಡಿ ಬಂತು. ಗಂಟು ಬಿಚ್ಚಿದಾಗ ನೋಟುಗಳು ಕರ್ಪೂರದ ವಾಸನೆ ಹಿಡಿದು, ಇಟ್ಟಂತೆಯೇ ಇದ್ದವು. ಒಂದು ಮೂಲೆ ಕೂಡ ಮಡಿಚಿರಲಿಲ್ಲ. ಅಪ್ಪನ ಜೊತೆ ಎಣ್ಣೆ ಮಾರಲು ಹೋಗುತ್ತಿದ್ದ ಗೆಳೆಯರೊಬ್ಬರು ಅಂದು ಊಟಕ್ಕೆ ಬಂದಿದ್ದರು. ಅಪ್ಪ ಕಟ್ಟನ್ನು ಅವರ ಕೈಗಿಟ್ಟರು.

“ಏನ್ ಯಜಮಾನ್ರೇ, ಇದನ್ನಿನ್ನೂ ಇಟ್ಕೊಂಡೀರಾ?” ಎಂದು ಅವರು ಜೋರಾಗಿ ನಕ್ಕರು. “ಅಲ್ಲಿ ರೊಟ್ಟಿ ತರಾಕೆ ಚೀಲದ ತುಂಬ ಒಯ್ತಾರ್ರಿ ಈಗ. ಇದ್ರಾಗೆ ನಿಮ್ಮ ಎಣ್ಣಿ ಬಾಟ್ಲಿ ಮುಚ್ಚಳ ಬಂದೀತು.”

ಅಪ್ಪ ನನ್ನ ಮುಖ ನೋಡಿದರು. ನಾನು ದರ ಹೇಳಿದೆ. ಒಂದು ಪೌಂಡಿಗೆ ಇಪ್ಪತ್ತು ಪೈಸೆಯೂ ಇರಲಿಲ್ಲ. ಗೆಳೆಯರ ನಗು ನಿಂತಿತು. ಅಮ್ಮನ ಕಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಪ್ಪ ನೋಟುಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿ, ಬಟ್ಟೆಗಳ ನಡುವೆ ಇಟ್ಟು, ಗಂಟು ಕಟ್ಟಿಬಿಟ್ಟರು.

ಮರುದಿನ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

“ಹಿಂದಿನ ರೇಟೂ ತೋರಿಸ್ತೈತಾ ನಿನ್ನ ಫೋನು?”

ತೋರಿಸುತ್ತದೆ ಎಂದು, ವರ್ಷಗಳ ದರವನ್ನು ಗೆರೆಯಾಗಿ ಎಳೆದಿರುವ ಪುಟವನ್ನು ತೆರೆದು ಅವರ ಕೈಗೆ ಕೊಟ್ಟೆ. ಅಕ್ಷರ ಬಾರದ ಅಮ್ಮ ಆ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿದರು. ಸೂಳೆಕೆರೆಯ ಏರಿಯಿಂದ ಕೆಳಗಿಳಿದ ಹಾಗೈತೆ ಎಂದರು.

“ನಿಮ್ಮಪ್ಪ ರೊಕ್ಕ ತಂದಿದ್ದು ಯಾವ ಕಡೆಗೆ?”

ಎತ್ತರದಲ್ಲಿದ್ದ ಜಾಗವನ್ನು ತೋರಿಸಿದೆ. ಅಂದಿನ ದರಕ್ಕೆ ಎಷ್ಟಾಗುತ್ತಿತ್ತು ಎಂದು ಕೇಳುತ್ತಾರೆಂದು ಮನಸ್ಸಿನಲ್ಲಿಯೇ ಗುಣಿಸತೊಡಗಿದ್ದೆ. ಅವರು ಫೋನನ್ನು ಹಿಂದಕ್ಕೆ ಕೊಟ್ಟರು.

“ಆವಾಗ ನನ್ನ ಕಾಲೂ ಚೆನ್ನಾಗಿದ್ವು, ಬಿಡು.”

ನನಗೆ ಕೆಲಸ ಸಿಕ್ಕ ಮೇಲೆ ಅಮ್ಮನನ್ನು ಮತ್ತೆ ತೋರಿಸಿದಾಗ ವೈದ್ಯರು ವಯಸ್ಸು, ಸಕ್ಕರೆ ಕಾಯಿಲೆ, ಹೃದಯ ಎಂದೆಲ್ಲ ಹೇಳಿದರು. ನನ್ನ ಸಂಬಳದಿಂದ ಕೂಡಿಟ್ಟ ಹಣ ಇತ್ತು. ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು.

ಈ ವರ್ಷದ ಪೂಜೆಗೆ ನಾನು ಜಗಳೂರಿನಿಂದ ಹೋಗಿದ್ದೆ. ಬಸ್ಸಿಳಿದು ಬಂದ ನನ್ನನ್ನು ಅಪ್ಪ ದರ ಕೇಳಲಿಲ್ಲ. ಒಳಗೆ ಹೋಗಿ ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಹೆಂಗಸರು ಕೂರುವ ಜಾಗದ ಮುಂದಿನ ಸಾಲಿನಲ್ಲಿ, ಗಂಟು ಕಾಣುವ ಹಾಗೆ ಕೂರಿಸಿದರು. ಅವರಿಗೂ ವಯಸ್ಸಾಗಿದೆ, ಉಸಿರು ಕಟ್ಟುತ್ತಿತ್ತು.

“ಜ್ವಾಕಿ ರೀ, ಬಿದ್ದೀರಾ” ಎಂದರು ಅಮ್ಮ.

ಅಪ್ಪ ಅವರ ಸೀರೆಯ ನೆರಿಗೆಯನ್ನು ಪಾದದವರೆಗೆ ಎಳೆದು ಸರಿಮಾಡಿ, ಗಂಟು ಬಿಚ್ಚಲು ಹೋದರು.