ಬಿಚ್ಚಿಟ್ಟ ಪಂಪಿನ ಶಬ್ದ

ದೆವ್ವ ಭೂತಗಳ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಹೋಗುವ ಮುಂಚೆ ಒಂದು ಕೊಂಕು ಮಾತು ಆಡದೆ ಹೋದವನೂ ಅಲ್ಲ. ನಜರ್‌ಬಾದಿನಲ್ಲಿ ನನ್ನದೊಂದು ಗ್ಯಾರೇಜು ಇತ್ತು. ಅಲ್ಲಿಗೆ ಬರುವವರು ಕಾರಿನ ಜೊತೆಗೆ ಕತೆಯನ್ನೂ ತರುತ್ತಿದ್ದರು. ಒಬ್ಬರ ಕಾರು ಅಮಾವಾಸ್ಯೆ ದಿನ ಸ್ಟಾರ್ಟ್ ಆಗುತ್ತಿರಲಿಲ್ಲ. ನೋಡಿದರೆ ಬ್ಯಾಟರಿಯ ತಂತಿ ಸಡಿಲ. ಇನ್ನೊಬ್ಬರ ಕಾರಿನಲ್ಲಿ ಹಿಂದಿನ ಸೀಟಿನ ಕೆಳಗೆ ಯಾರೋ ನರಳುತ್ತಿದ್ದರು. ಅದು ರಬ್ಬರ್ ಬುಷ್ ಸವೆದ ಶಬ್ದ. ಶಬ್ದ ಅಂದಮೇಲೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ಅದು ಹುಡುಕುವವನ ಸೋಮಾರಿತನ ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದೆ. ಈಗ ಬರೆಯುತ್ತಿರುವುದು ನನಗೆ ಕಾರಣ ಸಿಗದ ಒಂದು ಶಬ್ದದ ವಿಷಯ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷ ಆಗಿತ್ತು. ಬನ್ನಿಮಂಟಪದಲ್ಲಿ ಮರಿಬಸಪ್ಪ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಮಠಕ್ಕೆ ನಡೆದುಕೊಳ್ಳುವ ಮನೆತನ, ಊಟ ಉಡುಪಿನಲ್ಲಿ ಏನೂ ಡೌಲಿಲ್ಲ. ಇದ್ದದ್ದು ಒಂದೇ ಶೋಕಿ. ದೆಹಲಿಯಲ್ಲಿ ಯಾವುದೋ ವಿದೇಶಿ ಕಚೇರಿಯವರು ಹರಾಜಿಗೆ ಹಾಕಿದ್ದ ಜರ್ಮನಿಯ ಕಾರೊಂದನ್ನು ಕೊಂಡು ತಂದಿದ್ದರು. ಅದರ ಒಂದು ಬಲ್ಬು ಹೋದರೂ ಮೈಸೂರಿನಲ್ಲಿ ಸಿಗುತ್ತಿರಲಿಲ್ಲ. ಆ ಕಾರಿನ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವನು ನಾನು. "ಬಿಳಿ ಆನೆ ಕಟ್ಟಿದೀರಲ್ಲ ಸಾರ್" ಎಂದು ರೇಗಿಸಿದರೆ, "ಮೈಸೂರಿನೋರು ಆನೆ ಕಟ್ದೆ ಇನ್ನೇನ್ ಕುರಿ ಕಟ್ತಾರೇನಯ್ಯ" ಎನ್ನುತ್ತಿದ್ದರು.

ಆ ಕಾರಿನಲ್ಲಿ ಆಗ ನಮ್ಮ ಕಾರುಗಳಲ್ಲಿ ಇಲ್ಲದ ಒಂದು ಅಂಗ ಇತ್ತು, ಸಣ್ಣದೊಂದು ಗಾಳಿ ಪಂಪು. ಅದರ ಕೆಲಸ ಹೇಳಬೇಕೆಂದರೆ ನಮ್ಮ ಸೌದೆ ಒಲೆ ನೆನಪಿಸಿಕೊಳ್ಳಿ. ಬೆಳಗ್ಗೆ ಹಸಿ ಸೌದೆ ಹೊತ್ತದೆ ಹೊಗೆಯಾಡಿದರೆ ಊದುಗೊಳವೆಯಲ್ಲಿ ಗಾಳಿ ಊದುತ್ತಿದ್ದರಲ್ಲ, ಹಾಗೆ. ಎಂಜಿನ್ ತಣ್ಣಗಿರುವಾಗ ಪೆಟ್ರೋಲು ಪೂರ್ತಿ ಉರಿಯುವುದಿಲ್ಲ, ಕೆಟ್ಟ ಹೊಗೆ ಬರುತ್ತದೆ. ಈ ಪಂಪು ಹೊಗೆಯ ದಾರಿಗೆ ಹೊಸ ಗಾಳಿ ಊದಿ ಉಳಿದದ್ದನ್ನು ಸುಡಿಸುತ್ತದೆ. ಒಲೆ ಹೊತ್ತಿಕೊಂಡ ಮೇಲೆ ಊದುಗೊಳವೆ ಮೂಲೆಗೆ. ಇದೂ ಅಷ್ಟೇ, ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಎಂಜಿನ್ ಪೂರ್ತಿ ಆರಿ ತಣ್ಣಗಾಗುವವರೆಗೆ ಮತ್ತೆ ಓಡುವುದಿಲ್ಲ. ಓಡುವಾಗ ದೂರದ ಹಿಟ್ಟಿನ ಗಿರಣಿಯಂಥ ಒಂದು ಗುಂಯ್ ಶಬ್ದ, ನಿಲ್ಲುವಾಗ ಅದು ಇಳಿದು ಇಳಿದು ಸುಮ್ಮನಾಗುತ್ತದೆ.

ಕಡೆಯ ವರ್ಷ ಮರಿಬಸಪ್ಪನವರಿಗೆ ಹೃದಯದ ತೊಂದರೆಯಾಗಿ ಡಾಕ್ಟರು ಕಾರು ಓಡಿಸಬೇಡಿ ಅಂದರು. ಅವರು ಓಡಿಸಲಿಲ್ಲ, ಆದರೆ ಬಿಡಲೂ ಇಲ್ಲ. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿಯೊಂದಿಗೇ ಶಾಲು ಹೊದ್ದು ಬಂದು ಕಾರಿನಲ್ಲಿ ಕೂರುವರು. ಸ್ಟಾರ್ಟ್ ಮಾಡುವರು. ಪಂಪಿನ ಶಬ್ದ ನಿಲ್ಲುವವರೆಗೆ ಕೂತಿದ್ದು, ಆರಿಸಿ ಒಳಗೆ ಹೋಗುವರು. ನಿಲ್ಲಿಸಿಯೇ ಇಟ್ಟರೆ ಕಾರು ಕೆಡುತ್ತದೆ ಎಂಬ ಕಾಳಜಿ. ಆಷಾಢದಲ್ಲಿ ಅವರು ತೀರಿಕೊಂಡರು.

ಕಾರ್ತಿಕ ಮುಗಿಯುತ್ತಾ ಬಂದಾಗ ಅವರ ಹೆಂಡತಿ ಗಿರಿಜಮ್ಮನವರು ಗ್ಯಾರೇಜಿಗೆ ಫೋನ್ ಮಾಡಿಸಿದರು. ಕಾರನ್ನು ಇಲವಾಲದಲ್ಲಿರುವ ಮೈದುನನಿಗೆ ಕೊಡಬೇಕೆಂದು ಯಜಮಾನರು ಮೊದಲೇ ಮಾತು ಕೊಟ್ಟಿದ್ದರಂತೆ. ಕಾರ್ತಿಕದ ಕಡೇ ಸೋಮವಾರ ಆ ಮೈದುನ ಬಂದು ತೆಗೆದುಕೊಂಡು ಹೋಗುವವರಿದ್ದರು. ಹೋಗಿ ಸ್ಟಾರ್ಟ್ ಮಾಡಿದೆ. ಎಂಜಿನ್ ಓಡಿತು, ಆದರೆ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡೇ ಇತ್ತು, ಪಂಪಿನ ಸದ್ದಿಲ್ಲ. ಹೊಗೆ ಸ್ವಲ್ಪ ಜಾಸ್ತಿ ಬರುತ್ತದೆ, ಇಲವಾಲಕ್ಕೆ ಹೋಗಲು ಏನೂ ಅಡ್ಡಿಯಿಲ್ಲ ಎಂದೆ. ಗಿರಿಜಮ್ಮ ತಲೆ ಆಡಿಸಿದರು.

"ಹೋಗೋಕ್ಕಲ್ಲ ಕಣಪ್ಪ. ಆ ಶಬ್ದ ಶುರುವಾದ್ರೆ ನಾನು ಹಾಲಿಡ್ತಿದ್ದೆ. ಅದು ನಿಲ್ಲೋ ಹೊತ್ಗೆ ಕಾಫಿ ಆಗಿರೋದು, ಅವ್ರು ಒಳಕ್ಕೆ ಬರೋರು. ಕಾರು ಹೋಗ್ಲಿ, ಅವ್ರ ಮಾತು ನಡೀಲಿ. ಹೋಗೋ ಮುಂಚೆ ಒಂದೇ ಒಂದ್ಸಲ ಅದನ್ನ ಕೇಳ್ಬೇಕು ನಂಗೆ."

ಇಂಥ ಕೋರಿಕೆ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಎಲ್ಲರೂ ಶಬ್ದ ಹೋಗಲಿ ಎಂದು ಬರುವವರೇ. ಆಯಿತಮ್ಮಾ ಎಂದೆ.

ಈ ಪಂಪಿನ ದೋಷ ಹುಡುಕುವುದಕ್ಕೆ ತಾಳ್ಮೆ ಬೇಕು. ದಿನಕ್ಕೆ ಒಂದೇ ಅವಕಾಶ, ಅದೂ ಎಂಜಿನ್ ಇಡೀ ರಾತ್ರಿ ಆರಿ ತಣ್ಣಗಾದ ಮೇಲೆ. ಹಾಗಾಗಿ ಕಾರನ್ನು ಅವರ ಮನೆಯಲ್ಲೇ ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ ನಾನೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಮೊದಲು ಫ್ಯೂಸು ನೋಡಿದೆ, ಸರಿಯಿತ್ತು. ಪಂಪಿಗೆ ಕರೆಂಟು ಬಿಡುವ ರಿಲೇ ಟಿಕ್ ಎನ್ನುತ್ತಿತ್ತು. ಪಂಪಿನ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ದೀಪ ಹೊತ್ತಿತು. ಅಂದರೆ ಕರೆಂಟು ಬಾಗಿಲವರೆಗೆ ಬರುತ್ತಿದೆ, ಮನೆಯವರು ಎದ್ದೇಳುತ್ತಿಲ್ಲ. ಪಂಪನ್ನು ಬಿಚ್ಚಿ ಬಗ್ಗಿಸಿದೆ. ಒಳಗಿನಿಂದ ತುಕ್ಕಿನ ಬಣ್ಣದ ನೀರು ಸುರಿಯಿತು.

ಪಂಪಿಗೂ ಹೊಗೆಯ ಕೊಳವೆಗೂ ನಡುವೆ ಒಂದು ವಾಲ್ವ್ ಇರುತ್ತದೆ. ಗಾಳಿ ಆ ಕಡೆಗೆ ಹೋಗಬೇಕು, ಹೊಗೆ ಈ ಕಡೆಗೆ ಬರಬಾರದು. ಅದನ್ನು ಬಾಯಿಗಿಟ್ಟು ಊದಿದೆ, ಎರಡೂ ಕಡೆಯಿಂದ ಸಲೀಸಾಗಿ ಗಾಳಿ ಹೋಗುತ್ತಿತ್ತು. ಹೊಗೆಯ ಜೊತೆ ನೀರಿನ ಪಸೆ ಹಿಂದಕ್ಕೆ ಬಂದು ಪಂಪನ್ನು ತಿಂದಿತ್ತು. ಕಾರು ದೂರ ಓಡಿದರೆ ಆ ಪಸೆ ಕಾವಿಗೆ ಆರಿಹೋಗುತ್ತದೆ. ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಅಲ್ಲೇ ನಿಲ್ಲುತ್ತದೆ. ಮರಿಬಸಪ್ಪನವರು ಕಾರು ಕೆಡಬಾರದೆಂದು ಬೆಳಗ್ಗೆ ಬೆಳಗ್ಗೆ ಚಳಿಯಲ್ಲಿ ಬಂದು ಕೂತು ಮಾಡಿದ ಉಪಚಾರವೇ ಅದನ್ನು ಕೆಡಿಸಿತ್ತು. ಗಿರಿಜಮ್ಮನವರಿಗೆ ನೀರು ಸೇರಿದೆ ಎಂದಷ್ಟೇ ಹೇಳಿದೆ.

ಹೊಸ ಪಂಪು ಹೊರದೇಶದಿಂದ ಬರಬೇಕು, ಸೋಮವಾರದೊಳಗೆ ಆಗದ ಮಾತು. ಹಳೆಯದನ್ನೇ ಗ್ಯಾರೇಜಿಗೆ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ತಟ್ಟಿದೆ, ಕಾಯಿಸಿದೆ, ನೇರವಾಗಿ ಬ್ಯಾಟರಿ ಕೊಟ್ಟು ನೋಡಿದೆ. ತಂತಿ ಬಿಸಿಯಾಯಿತೇ ಹೊರತು ಅದು ಕೂದಲೆಳೆಯಷ್ಟೂ ತಿರುಗಲಿಲ್ಲ. ಭಾನುವಾರ ಸಂಜೆ ಅವರ ಮನೆಗೆ ಹೋಗಿ, ಹೊಗೆ ಹೊರಗೆ ನುಗ್ಗದಂತೆ ವಾಲ್ವಿದ್ದ ಜಾಗಕ್ಕೆ ತಗಡಿನ ಬಿಲ್ಲೆ ಹಾಕಿ ಬಿಗಿದೆ, ಖಾಲಿ ತಂತಿಗೆ ಟೇಪು ಸುತ್ತಿದೆ. ಆಗಲಿಲ್ಲಮ್ಮಾ ಎಂದು ಹೇಳುವುದು ಆ ಕೆಲಸಕ್ಕಿಂತ ಕಷ್ಟವಾಯಿತು. ಅವರು ಬೇಜಾರು ತೋರಿಸಿಕೊಳ್ಳಲಿಲ್ಲ. "ನೀನು ಮಾಡೋದು ಮಾಡಿದೀಯ ಬುಡು" ಎಂದರು. ತಣ್ಣನೆ ಎಂಜಿನ್ನಿನಲ್ಲಿ ಆ ಬಿಲ್ಲೆ ಸೋರುತ್ತದೆಯೋ ಇಲ್ಲವೋ ನೋಡಬೇಕಿತ್ತು, ಬೆಳಗ್ಗೆ ಬರುತ್ತೇನೆ ಎಂದು ಹೇಳಿ ಬಂದೆ.

ಸೋಮವಾರ ಬೆಳಗ್ಗೆ ಚಳಿ ಚೆನ್ನಾಗಿಯೇ ಇತ್ತು. ಬೀದಿಯಲ್ಲಿ ಕರೆಂಟು ಹೋಗಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಪಕ್ಕದ ಮನೆಯ ನೀರಿನ ಮೋಟಾರೋ ಮಿಕ್ಸಿಯೋ ಎಂದು ನೀವು ಕೇಳುವುದಕ್ಕೆ ಮುಂಚೆ. ಗಿರಿಜಮ್ಮ ಕೀ ಕೊಟ್ಟು ಅಡುಗೆಮನೆಗೆ ಹೋದರು. ಬಾನೆಟ್ ಎತ್ತಿದೆ. ಪಂಪು ಕೂರುವ ಜಾಗದಲ್ಲಿ ಬರೀ ಕಬ್ಬಿಣದ ಪಟ್ಟಿ, ಅದರ ಮೇಲೆ ನಾನೇ ಟೇಪು ಸುತ್ತಿದ್ದ ತಂತಿ. ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ.

ಎಂಜಿನ್ ಹಿಡಿಯಿತು. ಅದರ ಜೊತೆಗೇ ಪಂಪು ಓಡಲು ಶುರುವಾಯಿತು.

ಪಂಪಿನಂಥ ಶಬ್ದ ಎಂದು ನಾನು ಬರೆಯುತ್ತಿಲ್ಲ. ಆ ಗುಂಯ್ ಶಬ್ದವನ್ನು ಅಷ್ಟು ವರ್ಷ ಕೇಳಿದ್ದೆ, ಅದೇ ಅದು. ಮೊದಲು ರೇಡಿಯೇಟರಿನ ಫ್ಯಾನ್ ಎಂದುಕೊಂಡೆ; ಫ್ಯಾನ್ ನಿಂತಿತ್ತು. ಬಿಲ್ಲೆ ಸೋರುತ್ತಿದೆಯೇನೋ ಎಂದು ಅಂಗೈ ಅಡ್ಡ ಹಿಡಿದೆ, ಸೋರುತ್ತಿರಲಿಲ್ಲ. ಬಗ್ಗಿ ಶಬ್ದದ ಜಾಡು ಹಿಡಿದು ಕೈ ಚಾಚಿದೆ. ಕೈ ಹೋಗಿ ನಿಂತದ್ದು ಆ ಖಾಲಿ ಪಟ್ಟಿಯ ಮೇಲೆ. ಅದು ಸಣ್ಣಗೆ ಅದುರುತ್ತಿತ್ತು. ಎಂಜಿನ್ನಿನ ಕಂಪನಕ್ಕೆ ಅದುರಿರಬಹುದು, ಅಲ್ಲ ಎಂದು ನಾನು ಸಾಧಿಸಲಾರೆ. ಆದರೆ ಶಬ್ದ ಬರುತ್ತಿದ್ದದ್ದು ನನ್ನ ಬೆರಳುಗಳ ನಡುವಿನಿಂದ.

ಹೆದರಿಕೆ ಆಗಲಿಲ್ಲ. ತಲೆಗೆ ಬಂದದ್ದು ಒಂದೇ, ಇದನ್ನು ಕೇಳಬೇಕಾದವರು ಒಳಗಿದ್ದಾರೆ, ಇದು ನಿಂತುಹೋಗುತ್ತದೆ. "ಅಮ್ಮಾ, ಬೇಗ ಬನ್ನಿ, ಅಮ್ಮಾ" ಎಂದು ಕೂಗುತ್ತಾ ಒಳಗೆ ಓಡಿದೆ. ಅವರು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದರು, ಕಾರಿಗೆ ನೇರವಾಗಿರುವ ಕಿಟಕಿ. ಒಲೆಯ ಮೇಲೆ ಹಾಲಿತ್ತು. ಮಂಡಿನೋವಿನ ಹೆಂಗಸು, ಗೋಡೆ ಹಿಡಿದು ಹಿಡಿದು ಬಂದರು. ಹಜಾರದಲ್ಲಿ ಬರುವಾಗಲೂ ನನಗೆ ಅದು ಕೇಳಿಸುತ್ತಲೇ ಇತ್ತು. ಅವರು ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ ಇಳಿದು ಇಳಿದು ನಿಂತಿತು.

"ಕೇಳಿಸ್ತಾಮ್ಮಾ?" ಎಂದೆ.

"ಕೇಳಿಸ್ತಿದೆಯಲ್ಲಪ್ಪ, ಎಂಜಿನ್ನು."

"ಅದಲ್ಲಮ್ಮಾ. ಪಂಪು."

ಅವರು ನನ್ನ ಮುಖ ನೋಡಿದರು. "ಅದನ್ನ ನೀನು ಬಿಚ್ಕೊಂಡ್ಹೋಗಿದೀಯಲ್ಲ" ಎಂದರು.

ಕೇಳಿಸಿದ್ದನ್ನು ಇದ್ದ ಹಾಗೇ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ಬೈಯುತ್ತಾರೆ ಎಂದೂ ಅನ್ನಿಸಿತ್ತು. ಎರಡೂ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತರು. "ನೀನು ಆರಿಸಿದ್ದಾ, ತಾನಾಗೇ ನಿಂತಿದ್ದಾ?" ಎಂದು ಕೇಳಿದರು. ತಾನಾಗೇ ನಿಂತಿತು ಎಂದೆ.

"ನಾನು ಕಿಟಕೀಲೇ ನಿಂತಿದ್ನಲ್ಲಪ್ಪ. ಎಂಜಿನ್ ಕೇಳಿಸ್ತು, ನೀನು ಕೂಗಿದ್ದು ಕೇಳಿಸ್ತು. ಅದೊಂದ್ ಮಾತ್ರ ನಂಗೆ ಯಾಕೆ ಕೇಳಿಸ್ಲಿಲ್ಲ?"

ಇನ್ನೊಂದು ಸಲ ಹಾಕು ಎಂದರು. ಕಾದ ಎಂಜಿನ್ನಿಗೆ ಪಂಪು ಓಡುವುದಿಲ್ಲ ಎಂದು ನನಗೆ ಗೊತ್ತು, ಓಡುವುದಕ್ಕೆ ಪಂಪೇ ಇಲ್ಲ ಎಂದೂ ಗೊತ್ತು. ಆದರೂ ಆರಿಸಿದೆ, ಮತ್ತೆ ಹಾಕಿದೆ. ಗಿರಿಜಮ್ಮ ಎದ್ದು ಬಂದು, ಬಗ್ಗಿ, ಕಿವಿಯ ಮೇಲಿನ ಸೆರಗು ಸರಿಸಿಕೊಂಡು ನಿಂತರು. ಎಂಜಿನ್ ಮಾತ್ರ ಓಡುತ್ತಿತ್ತು. ಬಹಳ ಹೊತ್ತು ನಿಂತರು. ಹಾಗೆ ನಿಂತಿದ್ದ ಅವರನ್ನು ನಾನು ಮರೆಯಲಾರೆ.

ಅಷ್ಟರಲ್ಲಿ ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು. ಅವರು ಒಳಗೆ ಹೋದರು. ಉಳಿದದ್ದು ಒಂದು ಲೋಟಕ್ಕೆ ಆಗುವಷ್ಟು. ಕಾಫಿ ಬೆರೆಸಿ, "ಬಾ ಒಳಕ್ಕೆ" ಎಂದು ಕರೆದರು. ನೀವು ಕುಡೀರಮ್ಮಾ ಎಂದೆ. "ಅದು ನಿಂತ್ಮೇಲೆ ಕಾರತ್ರ ಇರೋರು ಒಳಗ್ ಬಂದು ಕುಡೀಬೇಕು. ಈ ಮನೇಲಿ ಹಂಗೇ ನಡ್ದಿರೋದು" ಎಂದರು. ಹೋಗಿ ಕೂತೆ. ಅವರು ಎದುರಿಗೆ ನಿಂತು, ನಾನು ಕುಡಿದು ಮುಗಿಸುವವರೆಗೆ ನೋಡುತ್ತಿದ್ದರು.

ಗ್ಯಾರೇಜಿಗೆ ಬಂದವನೇ ಸೀಮೆಎಣ್ಣೆಯ ಡಬ್ಬಿಯಿಂದ ಪಂಪು ತೆಗೆದು ನೋಡಿದೆ. ಬೆಚ್ಚಗಿದ್ದಿದ್ದರೆ ಕತೆಗೆ ಚೆನ್ನಾಗಿರುತ್ತಿತ್ತು. ತಣ್ಣಗಿತ್ತು, ತಿರುಗಲೂ ಇಲ್ಲ. ಮಧ್ಯಾಹ್ನ ಮೈದುನ ಬಂದು ಕಾರನ್ನು ಇಲವಾಲಕ್ಕೆ ಒಯ್ದರು. ಇನ್ನೊಂದು ತಣ್ಣನೆಯ ಬೆಳಗು ಆ ಮನೆಗೆ ಸಿಗಲಿಲ್ಲ.

ಮುಂದೆ ಹೊಸ ಪಂಪು ಬಂತು, ನಾನೇ ಹೋಗಿ ಕೂರಿಸಿದೆ. ದೀಪ ಆರಿತು, ಶಬ್ದ ಮೊದಲಿನ ಹಾಗೇ ಬಂತು. ಸಂತೋಷದಿಂದ ಬನ್ನಿಮಂಟಪಕ್ಕೆ ಹೋಗಿ, ಬನ್ನಿ ಅಮ್ಮಾ, ಇವತ್ತೇ ಇಲವಾಲಕ್ಕೆ ಹೋಗಿ ಉಳಿದು ಬೆಳಗ್ಗೆ ಕೇಳಿಕೊಂಡು ಬರೋಣ ಎಂದೆ. ಬರಲಿಲ್ಲ. "ಅದು ಹೊಸಾ ಪಂಪಿನ ಶಬ್ದ ಕಣಪ್ಪ. ಅದನ್ನ ಕೇಳಿ ನಾನೇನ್ ಮಾಡ್ಲಿ. ಅವತ್ತು ಹೆಂಗಿತ್ತು, ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ಆಮೇಲೆ ಆ ಕಡೆ ಹೋದಾಗಲೆಲ್ಲ ಹೇಳಿಸುತ್ತಿದ್ದರು. ಒಂದು ಚೂರೂ ಸೇರಿಸದೆ, ಬಿಡದೆ ಹೇಳುತ್ತಿದ್ದೆ, ಕಡೆಗೆ ನಿಲ್ಲುವ ಶಬ್ದವನ್ನು ಬಾಯಲ್ಲೇ ಇಳಿಸಿ ತೋರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುವರು. ಈಗ ಅವರೂ ಇಲ್ಲ.

ಗ್ಯಾರೇಜು ಮುಚ್ಚಿದ್ದೇನೆ. ಎಂಜಿನಿಯರ್ ಸ್ನೇಹಿತರನ್ನು ಕೇಳಿದೆ, ಕೊಳವೆಯಲ್ಲಿ ಹೊಗೆ ಮಿಡಿದಿರಬಹುದು ಎಂದರು, ಕಿವಿಯ ಭ್ರಮೆ ಎಂದರು. ಇರಬಹುದು. ನನ್ನ ಕಿವಿ ಮೋಸ ಮಾಡಿತೆಂದು ಒಪ್ಪುವುದಕ್ಕೆ ನನ್ನದೇನೂ ತಕರಾರಿಲ್ಲ. ಬಂದಿದ್ದು ನಿಜವೇ ಆಗಿದ್ದರೆ, ಅಷ್ಟು ದೂರದಿಂದ ಬಂದ ಆ ಶಬ್ದ ಕಿಟಕಿಯಲ್ಲಿ ಕಾದು ನಿಂತವರಿಗೆ ಕೇಳಿಸದೆ, ಸ್ಪ್ಯಾನರ್ ಹಿಡಿದು ನಿಂತ ನನಗೆ ಕೇಳಿಸಿ ಹೋದದ್ದು ಏಕೆ ಎಂಬುದೇ ತಿಳಿಯುವುದಿಲ್ಲ. ಅವತ್ತು ಒಂದೇ ಲೋಟ ಕಾಫಿ ಇತ್ತು. ಅದನ್ನೂ ನಾನೇ ಕುಡಿದೆ.