ಕಂಬಕ್ಕೆ ಬಳಿದ ಎಣ್ಣೆ

ಇವತ್ತು ಇಟ್ಟಮಡುವಿನ ತಾತನ ಮನೆಗೆ ಹೋಗಿದ್ದೆ. ಹಳೇ ಕೊಟ್ಟಿಗೆಯ ಕಂಬದ ಹತ್ತಿರ ನಿಂತರೆ ಎಂಜಿನ್ ಆಯಿಲ್ ವಾಸನೆ ಈಗಲೂ ಮೂಗಿಗೆ ಬಡಿಯುತ್ತದೆ.

ನಾವು ಚಿಕ್ಕವರಿದ್ದಾಗ ಅಲ್ಲೇ ಚಿಕ್ಕಪ್ಪ ಕಾರು ರೇಸಿಗೆಂದು ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕಟ್ಟಿದ್ದು. ಗುಜರಿಯಿಂದ ತಂದ ಒಂದೊಂದು ಪಿಸ್ಟನ್ನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಅಜ್ಜಿಯ ಹಳೇ ಸೀರೆಯಲ್ಲಿ ಒರೆಸುತ್ತಿದ್ದರು. ತಾತ ಹಾದುಹೋಗುವಾಗಲೆಲ್ಲ ಬೇಕೆಂದೇ ಅದರ ಪಕ್ಕ ಎಲೆಅಡಿಕೆ ಉಗುಳುತ್ತಿದ್ದರು.

ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು ಸ್ಟಾರ್ಟ್ ಮಾಡಿದರು. ಬೀದಿಯೇ ನಡುಗುವಂತೆ ಗುಡುಗಿತು. ನಾವು ಮಕ್ಕಳು ಕುಣಿದೆವು, ಚಿಕ್ಕಪ್ಪ ಅತ್ತೇಬಿಟ್ಟರು. ಸ್ವಲ್ಪ ಹೊತ್ತಿಗೇ ಎಂಜಿನ್ ಕರ್ಕಶವಾಗಿ ಕಿರುಚಿ, ಒಳಗೇ ಬಿಗಿಯಾಗಿ ಹಿಡಿದುಕೊಂಡು ನಿಂತಿತು. ಮತ್ತೆಂದೂ ತಿರುಗಲಿಲ್ಲ.

“ಒಳಗಿದ್ದ ಎಣ್ಣೆ ಬೆಳಗ್ಗೇನೇ ಬಸಿದು ಕಂಬಕ್ಕೆ ಬಳ್ದೆ ಕಣ್ಲಾ. ಗೆದ್ದಲು ಹಿಡ್ದಿತ್ತು,” ಎಂದರು ತಾತ, ಹಲ್ಲು ಕಿರಿಯುತ್ತ.

ಈಗ ತಾತ ಹಾಸಿಗೆ ಹಿಡಿದಿದ್ದಾರೆ. ನೋಡಿಕೊಳ್ಳುವುದು ಚಿಕ್ಕಪ್ಪನೇ. ಇವತ್ತು ನನ್ನೆದುರೇ ತಾತ ಗೋಗರೆದರು: “ಮಂಡಿ ಹಿಡ್ಕೊಂಡೈತೆ, ಒಸಿ ಎಣ್ಣೆ ಹಚ್ಚೋ ಮಗಾ.”

ಚಿಕ್ಕಪ್ಪ ತುಂಬಿದ ಎಣ್ಣೆ ಬಾಟಲಿಯನ್ನು ಅವರಿಗೆ ಕಾಣುವಂತೆ, ಕೈಗೆ ಎಟುಕದಂತೆ ಕಿಟಕಿಯಲ್ಲಿಟ್ಟರು.

“ಎಣ್ಣೆ ಎಲ್ಲೈತಪ್ಪಾ? ಕಂಬಕ್ಕೆ ಬಳ್ದೆ. ಗೆದ್ದಲು ಹಿಡ್ದಿತ್ತು.”