ಕಾಫಿ ಹರವಿದ ರಸ್ತೆ

ಕಾಫಿ ಸೀಸನ್ನು ಮುಗಿದು ತಿಂಗಳಾದರೂ ಚೆರ್ರಿ ಕಾಕನ ಪಾದಗಳು ಕಂದುಬಣ್ಣ ಬಿಡುತ್ತಿರಲಿಲ್ಲ. ಅಂಗಳದಲ್ಲಿ ಹರವಿದ ಕಾಫಿಹಣ್ಣನ್ನು ಅವರು ಕಾಲಲ್ಲೇ ತಿರುವುತ್ತಿದ್ದರು. ಪಾದ ಎತ್ತದೆ, ಸಾಲು ಹೊಡೆದಂತೆ ಎಳೆದುಕೊಂಡು ನಡೆಯುವುದು. ಅದೇ ಅಭ್ಯಾಸವಾಗಿ, ಮದುವೆಮನೆಯ ಜಮಖಾನೆಯ ಮೇಲೂ ಹಾಗೇ ನಡೆಯುತ್ತಿದ್ದರು. ಸಣ್ಣ ಬೆಳೆಗಾರರಿಂದ ಹಣ್ಣು ಕೊಂಡು, ಒಣಗಿಸಿ, ಮಾರುವ ವ್ಯಾಪಾರ ಅವರದು. ಒಣಗಿಸಿದ ಕಾಫಿಹಣ್ಣಿಗೆ ನಮ್ಮಲ್ಲಿ ಚೆರ್ರಿ ಎನ್ನುತ್ತಾರೆ, ಅದಕ್ಕೇ ಊರಿಗೆಲ್ಲ ಚೆರ್ರಿ ಕಾಕ.

ಆ ನಡಿಗೆಯನ್ನು ನಾನು ಶಾಲೆಯಲ್ಲಿದ್ದಾಗಲೇ ಕಲಿತೆ. ಶಾಲೆಯಲ್ಲಿ ನಾನು ಕಲಿತದ್ದು ಅದೊಂದೇ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಕಾಕನ ಎದುರೇ ನಡೆದು ತೋರಿಸಿದರೆ ಅವರು ಗಂಭೀರವಾಗಿ ತಿದ್ದುತ್ತಿದ್ದರು: "ಕಾಲು ಸರಿ ಉಂಟು ಮಾರಾಯ. ಹೊಟ್ಟೆ ಸಾಲದು."

ನಮ್ಮದು ಕೊಟ್ಟಿಗೆಹಾರದ ದಾರಿಯ ಹಳೇ ಪೇಟೆ. ಎರಡೂ ಬದಿ ಕಲ್ಲುಕಂಬದ ಜಗಲಿಗಳು, ಒಂದು ಬಸದಿ, ಅದರ ಎದುರು ಶಾಲೆ. ಎತ್ತಿನಗಾಡಿಗೆಂದು ಹುಟ್ಟಿದ ಬೀದಿಯನ್ನು ಪ್ರವಾಸಿಗರಿಗೆಂದು ಅಗಲ ಮಾಡಿದರು. ಬಸದಿಯ ಮೆಟ್ಟಿಲುಗಳು ಹೋದವು. ಶಾಲೆಯ ಜಗಲಿ ಹೋಯಿತು. ಮಕ್ಕಳು ಬಾಗಿಲು ದಾಟಿದರೆ ನೇರ ಟಾರಿನ ಮೇಲೆ. ಶನಿವಾರವಂತೂ ಕಾರುಗಳು, ಇನ್ನು ತಡಮಾಡಿದರೆ ಬೆಟ್ಟ ಎದ್ದು ಹೋಗಿಬಿಡುತ್ತದೇನೋ ಎಂಬಂತೆ ನುಗ್ಗುತ್ತಿದ್ದವು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕನಿಗೆ ಜೀಪೊಂದು ಗುದ್ದಿ ಕಾಲು ಮುರಿಯಿತು. ಆ ವಾರವೇ ಕಾಕ ನನ್ನನ್ನು ಜೊತೆಗೆ ಕರೆದುಕೊಂಡು ಮೂಡಿಗೆರೆಗೆ ಹೋಗಿ, ಶಾಲೆಯ ಮುಂದೆ ಹಂಪ್ಸ್ ಹಾಕಿಸಿ ಎಂದು ರಸ್ತೆಯ ಇಂಜಿನಿಯರನ್ನು ಕೇಳಿದರು.

"ಯಾರಾದ್ರೂ ಹೋಗಿದಾರೇನ್ರಿ?" ಎಂದರು ಇಂಜಿನಿಯರು.

"ಇಲ್ಲ ಸಾರ್. ಕಾಲು ಮಾತ್ರ."

"ಹಾಗಾದ್ರೆ ನೋಡೋಣ."

ವಾಪಸು ಬರುವಾಗ ಆ 'ನೋಡೋಣ'ವನ್ನು ನಾನು ಮೂಗಿನಲ್ಲೇ ಹೇಳಿ ಇಡೀ ಬಸ್ಸನ್ನು ನಗಿಸಿದೆ. ಕಾಕ ನಗಲಿಲ್ಲ. "ಒಬ್ರು ಸಾಯ್ಬೇಕಂತೆ ಮಾರಾಯ" ಎಂದು ಕಿಟಕಿಯತ್ತ ತಿರುಗಿದರು.

ಮರುದಿನ ಬೆಳಿಗ್ಗೆ ನೋಡಿದರೆ, ಶಾಲೆಯ ಮುಂದೆ ಅರ್ಧ ರಸ್ತೆಗೆ ಟಾರ್ಪಾಲು ಹಾಸಿ ಕಾಫಿ ಹರವಿದ್ದಾರೆ!

"ಇದೆಂತ ಕಾಕ? ಅಂಗಳಕ್ಕೆ ಏನಾಯ್ತು?"

"ನಮ್ಮ ಕಡೆಯವ ಬೇಕಾದ್ರೆ ಹೆಣದ ಮೇಲೆ ಗಾಡಿ ಹತ್ತಿಸ್ತಾನೆ. ಕಾಫಿ ಮೇಲೆ ಹತ್ತಿಸೋದಿಲ್ಲ."

ನಿಜವೇ. ಒಣಹಾಕಿದ ಕಾಫಿಯನ್ನು ಚಪ್ಪಲಿಯಲ್ಲಿ ತುಳಿದು ಬೆನ್ನಿಗೆ ಗುದ್ದು ತಿನ್ನದೆ ಇಲ್ಲಿ ಯಾರೂ ದೊಡ್ಡವರಾಗಿಲ್ಲ. ಬಸ್ಸಿನ ಡ್ರೈವರು ಬಾಯಿಗೆ ಬಂದಂತೆ ಬೈದ, ಬೈಯುತ್ತಲೇ ಗೇರು ಇಳಿಸಿದ. ಎಸ್ಟೇಟಿನ ಜೀಪುಗಳು, ಪಿಕಪ್ಪುಗಳು ಬಳಸಿಕೊಂಡು ಮೆಲ್ಲಗೆ ಹೋದವು. ಬೀದಿ ಮತ್ತೆ ಎತ್ತಿನಗಾಡಿಯ ಕಾಲಕ್ಕೆ ಹೋಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದ ಮೇಲೆ ಬಿಸಿಯೂಟದ ಅಕ್ಕ ಕೋಲೂರಿಕೊಂಡು ದಾಟುವಾಗ ಕಾಕ ಕಾಫಿಯೊಳಗೆ ನಿಂತು ಕೈ ಅಡ್ಡ ಹಿಡಿಯುತ್ತಿದ್ದರು: "ಹೋಗಮ್ಮಾ, ಮಂತ್ರಿ ಹೋದ ಹಾಗೆ ಹೋಗು."

ರಸ್ತೆಯಲ್ಲಿ ಬರುವವರೆಲ್ಲ ನಮ್ಮ ಕಡೆಯವರೇ ಎಂದುಕೊಂಡದ್ದೇ ಅವರ ತಪ್ಪು.

ಒಂದು ಶನಿವಾರ, ಮಂಜು ಇನ್ನೂ ಬಿಟ್ಟಿರಲಿಲ್ಲ. ನಾನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಿಕಪ್ಪೊಂದು ಕಾಫಿಯನ್ನು ಬಳಸಿ ನಿಧಾನ ಹೋಗುತ್ತಿತ್ತು. ಅದರ ಹಿಂದಿದ್ದ ಹೊರಗಿನ ಕಾರು ಅದನ್ನು ಹಿಂದೆ ಹಾಕಲು ಕಾಫಿಯ ಮೇಲೇ ನುಗ್ಗಿತು. ಬ್ರೇಕು ಹಾಕಿದಾಗ ಒಣಗಿದ ಹಣ್ಣು ಚಕ್ರದಡಿ ಗೋಲಿಯಂತೆ ಉರುಳಿತು. ಕಾಕ ಬೆನ್ನು ಹಾಕಿ ಕಾಫಿ ತಿರುವುತ್ತಿದ್ದರು. ನಾನು ಓಡಿಬಂದಾಗ ಟಾರ್ಪಾಲು ಅವರ ಮೈಗೆ ಸುತ್ತಿಕೊಂಡಿತ್ತು. ಮಕ್ಕಳು ಇನ್ನೂ ಬಾಗಿಲಲ್ಲೇ ಇದ್ದರು.

ಕಾರಿನ ಹುಡುಗ ಇಳಿದು ಬಂದ. "ಏನೋ ಗೊಬ್ಬರ ಅಂದ್ಕೊಂಡೆ ಸರ್... ಗೊಬ್ಬರ ಅಂದ್ಕೊಂಡೆ..." ಹಿಂದಿನ ಸೀಟಿನ ತುಂಬ ಕಾಫಿಪುಡಿಯ ಪೊಟ್ಟಣಗಳಿದ್ದವು. ಎಲ್ಲರ ದನಿ ತೆಗೆಯುವ ನಾನು ಆ ದನಿಯೊಂದನ್ನು ಇವತ್ತಿಗೂ ತೆಗೆದಿಲ್ಲ.

ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಕಾಕ ಹೋದರು. ಎಷ್ಟು ನೀರು ಹಾಕಿದರೂ ಪಾದದ ಬಣ್ಣ ಹೋಗಲಿಲ್ಲ ಎಂದು ಹೂಳುವ ಮೊದಲು ಮಯ್ಯತ್ತು ತೊಳೆದವರು ಹೇಳಿದರು.

ಈಗ ಒಬ್ಬರು ಸತ್ತಿದ್ದರಲ್ಲ, ಇಂಜಿನಿಯರು ಬಂದು ನೋಡಿದರು. ಹಂಪ್ಸ್ ಬರಲಿಲ್ಲ. ಬೋರ್ಡು ಬಂತು: 'ರಸ್ತೆಯ ಮೇಲೆ ಕಾಫಿ ಒಣಗಿಸುವುದನ್ನು ನಿಷೇಧಿಸಲಾಗಿದೆ.' ಬೀದಿ ಚೊಕ್ಕಟವಾಯಿತು. ಕಾರುಗಳಿಗೆ ಮತ್ತೆ ರೆಕ್ಕೆ ಬಂತು.

ಶಾಲೆಯ ಗಂಟೆಯ ಹೊತ್ತಿಗೆ ಈಗ ನಾನು ಹೋಗಿ ಮಕ್ಕಳ ಮುಂದೆ ರಸ್ತೆ ದಾಟುತ್ತೇನೆ. ಕಾಕನ ನಡಿಗೆಯಲ್ಲಿ. ಅಮ್ಮನ ಅಕ್ಕಿರೊಟ್ಟಿಯ ಕೃಪೆಯಿಂದ ಹೊಟ್ಟೆಯೂ ಸಾಕಷ್ಟಾಗಿದೆ. ಬಸ್ಸಿನ ಡ್ರೈವರು ಆ ನಡಿಗೆಯನ್ನು ದೂರದಿಂದಲೇ ಕಂಡು ಗೇರು ಇಳಿಸುತ್ತಾನೆ. ಜೀಪಿನವರೂ ಅಷ್ಟೆ. ಹೊರಗಿನ ಕಾರುಗಳಿಗೆ ಮಾತ್ರ ನಾನು ಯಾರೂ ಅಲ್ಲ. ಅವು ಬರುವ ಸದ್ದಿಗೆ ಕಿವಿಗೊಟ್ಟೇ ದಾಟುತ್ತೇನೆ.

ಮೊದಲ ದಿನ ಹೆದರಿಕೆಗೆ ಬೇಗಬೇಗ ಹೆಜ್ಜೆ ಹಾಕಿದ್ದೆ. ಬಿಸಿಯೂಟದ ಅಕ್ಕ ಆಚೆ ಬದಿ ಕೋಲೂರಿ ನಿಂತು ನೋಡುತ್ತಿದ್ದಳು. ನಗಲಿಲ್ಲ.

"ಪಾದ ಎತ್ಬೇಡ" ಎಂದಳು. "ಅವ್ರು ಎತ್ತುತಿರ್ಲಿಲ್ಲ."